ಪಾಂಟಿಯಾಕ್ ಬಿಟ್ಟು ಪ್ಲಿಮತ್ ಹಿಡಿದ ಪಕ್ಕದ ಮನೆಯ ಹಿರಿಯರು: ಇದು ಪಕ್ಷಾಂತರವೇ?

ವುಡ್‌ವರ್ಡ್ ಪಕ್ಕದ ಮನೆ

ಎಲ್ಲರಿಗೂ ನಮಸ್ಕಾರ. ಮಿಷಿಗನ್‌ನ ರಾಯಲ್ ಓಕ್‌ನಲ್ಲಿ ಹದಿನಾಲ್ಕು ವರ್ಷಗಳಿಂದ ಇದ್ದೇನೆ. ಮನೆಯಿಂದ ಎರಡು ಬೀದಿ ದಾಟಿದರೆ ವುಡ್‌ವರ್ಡ್ ಅವೆನ್ಯೂ. ಡೆಟ್ರಾಯಿಟ್‌ನ ನದಿಯ ಕಡೆಯಿಂದ ಹೊರಟು ಪಾಂಟಿಯಾಕ್ ಊರಿನವರೆಗೆ ಹೋಗುವ ಈ ರಸ್ತೆಯಲ್ಲಿ 1960ರ ದಶಕದ ಹುಡುಗರು ಒಂದು ಸಿಗ್ನಲ್‌ನಿಂದ ಮುಂದಿನ ಸಿಗ್ನಲ್‌ವರೆಗೆ ಪಂದ್ಯ ಕಟ್ಟಿ ಕಾರು ಓಡಿಸುತ್ತಿದ್ದರು. ನನ್ನ ಪಕ್ಕದ ಮನೆಯ ಹಿರಿಯರು ಆ ಹುಡುಗರಲ್ಲಿ ಒಬ್ಬರು. ಈಗ ಅವರಿಗೆ 76 ವರ್ಷ.

ಅವರ ಬಳಿ 1966ರ ಪಾಂಟಿಯಾಕ್ ಜಿಟಿಒ ಕಾರು ಇದೆ. ಪಾಂಟಿಯಾಕ್ ಎಂಬುದು ಜನರಲ್ ಮೋಟರ್ಸ್ (ಜಿಎಂ) ಕಂಪನಿಯ ಕಾರುಗಳ ಒಂದು ಹೆಸರು. ತಂದೆ ಪಾಂಟಿಯಾಕ್ ಕಾರ್ಖಾನೆಯಲ್ಲಿ ದುಡಿದವರು, ಇವರೂ ಜಿಎಂನಲ್ಲಿಯೇ ನಿವೃತ್ತರಾದವರು. ಪ್ರೌಢಶಾಲೆಯ ದಿನಗಳಿಂದ ಇವರಿಗೆ ಒಬ್ಬ ಎದುರಾಳಿ ಇದ್ದರು. ಆತನ ಮನೆಯವರೆಲ್ಲ ಪ್ರತಿಸ್ಪರ್ಧಿ ಕಂಪನಿ ಕ್ರೈಸ್ಲರ್‌ನವರು. ಆತನ ಕಾರು ಕ್ರೈಸ್ಲರ್‌ನದೇ ಆದ 1968ರ ಪ್ಲಿಮತ್ ರೋಡ್ ರನ್ನರ್, 440 ಕ್ಯೂಬಿಕ್ ಇಂಚಿನ ಎಂಜಿನ್. ಎರಡು ಬೇಸಿಗೆ ಇಬ್ಬರೂ ರಸ್ತೆಯಲ್ಲಿ ಪೈಪೋಟಿ ನಡೆಸಿದರು. ಆಮೇಲೆ ಐವತ್ತು ವರ್ಷ ಬರೀ ಬಾಯಲ್ಲಿ ಜಗಳ. ಯಾರು ಎಷ್ಟು ಸಲ ಗೆದ್ದರು ಎಂಬ ಲೆಕ್ಕ ಕೊನೆಗೂ ಹೊಂದಲಿಲ್ಲ.

ಈ ಮಾರ್ಚಿನಲ್ಲಿ ಆ ಎದುರಾಳಿ ತೀರಿಕೊಂಡರು. ತಿಂಗಳ ನಂತರ ಅವರ ಹೆಂಡತಿ ಬಂದು ರೋಡ್ ರನ್ನರ್‌ನ ಕೀಲಿಯನ್ನು ನಮ್ಮ ಹಿರಿಯರ ಕೈಗೆ ಕೊಟ್ಟು ಹೋದರು. ಇವರ ಗ್ಯಾರೇಜಿನಲ್ಲಿ ಹಳೆಯ ಕಾರಿಗೆ ಇರುವುದು ಒಂದೇ ಜಾಗ. ಹಾಗಾಗಿ ಜಿಟಿಒ ಮಾರಿ ಪ್ಲಿಮತ್ ಇಟ್ಟುಕೊಳ್ಳುತ್ತೇನೆ ಎಂದು ತೀರ್ಮಾನಿಸಿದ್ದಾರೆ. ಶನಿವಾರ ಬೆಳಿಗ್ಗೆ ಜೊತೆಗೆ ಕುಳಿತು ಕಾಫಿ ಕುಡಿಯುವ ಪಾಂಟಿಯಾಕ್ ಗೆಳೆಯರು ಮಾತು ಬಿಟ್ಟಿದ್ದಾರೆ. ಒಬ್ಬರಂತೂ ಎದುರಿಗೇ ‘ದ್ರೋಹಿ’ ಎಂದರಂತೆ. ಅಂದಿನಿಂದ ಹಿರಿಯರು ಊಟವನ್ನೂ ಸರಿಯಾಗಿ ಮಾಡುತ್ತಿಲ್ಲ ಎಂದು ಅವರ ಮಗಳು ಹೇಳಿದಳು.

ನನ್ನ ಪ್ರಶ್ನೆ: ಹೀಗೆ ಪಾಳಯ ಬದಲಿಸುವುದು ನಿಜಕ್ಕೂ ದ್ರೋಹವೇ? ಕಾರಿನ ಹುಚ್ಚು ಇರುವವರು ಹೇಳಿ. ಇನ್ನೊಂದು ವಿಷಯ. ನನ್ನ ಮಗನಿಗೆ 19. ಹಳೆಯ ಫೋರ್ಡ್ ಮಸ್ಟಾಂಗ್ ಜಿಟಿ ಕೊಂಡಿದ್ದಾನೆ. ಹಿಂದಿನ ಎರಡು ಟೈರು ಐದೇ ತಿಂಗಳಲ್ಲಿ ಸವೆದಿವೆ. ಕೇಳಿದರೆ ಕಳಪೆ ಟೈರು ಎನ್ನುತ್ತಾನೆ.

ಅಂಕಿಯೇ ಆಧಾರ

ಮೊದಲು ಒಂದು ತಿದ್ದುಪಡಿ. 1968ರ ರೋಡ್ ರನ್ನರ್‌ಗೆ ಕಾರ್ಖಾನೆಯಿಂದ ಬರುತ್ತಿದ್ದದ್ದು 383 ಕ್ಯೂಬಿಕ್ ಇಂಚಿನ ಎಂಜಿನ್, 335 ಅಶ್ವಶಕ್ತಿ. ಹೆಚ್ಚು ಹಣ ಕೊಟ್ಟರೆ ‘ಹೆಮಿ’ ಎಂಬ 426 ಇಂಚಿನ ಎಂಜಿನ್, 425 ಅಶ್ವಶಕ್ತಿ. ಮೂರು ಕಾರ್ಬುರೇಟರಿನ 440 ಬಂದದ್ದು 1969ರ ಮಧ್ಯದಲ್ಲಿ. ನೀವು ಹೇಳುವ ಕಾರಿನಲ್ಲಿ 440 ಇದ್ದರೆ ಎಂಜಿನ್ ಬದಲಾಗಿದೆ ಎಂದರ್ಥ. 1966ರ ಜಿಟಿಒ 389 ಇಂಚು, ಮೂರು ಕಾರ್ಬುರೇಟರ್ ಇದ್ದರೆ 360 ಅಶ್ವಶಕ್ತಿ. ಕಾಗದದ ಮೇಲೆ ಎರಡೂ ಸರಿಸಮ. ಲೆಕ್ಕ ಹೊಂದದೆ ಇದ್ದದ್ದರಲ್ಲಿ ಆಶ್ಚರ್ಯವಿಲ್ಲ.

ಕಾವೇರಿ ತೀರ

ದ್ರೋಹ ಎನ್ನುವುದು ಬಹಳ ದೊಡ್ಡ ಮಾತು. ಕಬ್ಬಿಣಕ್ಕೆ ಅಷ್ಟು ದೊಡ್ಡ ಮಾತು ಬೇಡ.

ವುಡ್‌ವರ್ಡ್ ಪಕ್ಕದ ಮನೆ

ಅಂಕಿಯವರೇ, ಸಂಜೆ ಹೋಗಿ ಕೇಳಿದೆ. ನಿಮ್ಮ ಮಾತೇ ಸರಿ. ಮೂಲ ಎಂಜಿನ್ 383. 1971ರಲ್ಲಿ ಆತ 440 ಕೂರಿಸಿದ್ದಂತೆ. ‘ಅದನ್ನು ಅವನು ನನಗೆ ಹೇಳಿದ್ದು 1994ರಲ್ಲಿ’ ಎಂದು ಹಿರಿಯರು ಮೇಜು ಕುಟ್ಟಿದರು. ಎರಡು ವಾರದಲ್ಲಿ ಅವರ ಮುಖದಲ್ಲಿ ಕಳೆ ಕಂಡದ್ದು ಇವತ್ತೇ.

ಹ್ಯಾಮ್‌ಟ್ರ್ಯಾಮಿಕ್ ಹನುಮ

ಕಾವೇರಿ ತೀರದವರೇ, ನೀವು ಡೆಟ್ರಾಯಿಟ್ ಸುತ್ತಮುತ್ತ ಬಾಳಿದವರಲ್ಲ ಎಂದು ಕಾಣುತ್ತದೆ. ಇಲ್ಲಿ ಅದು ಬರೀ ಕಬ್ಬಿಣವಲ್ಲ, ಅನ್ನದ ಪ್ರಶ್ನೆ. ಅಪ್ಪ ಫೋರ್ಡ್‌ನಲ್ಲಿದ್ದರೆ ಮನೆಮಂದಿಗೆಲ್ಲ ನೌಕರರ ರಿಯಾಯಿತಿ ದರದಲ್ಲಿ ಫೋರ್ಡ್ ಸಿಗುತ್ತದೆ. ಮಗ ಜಿಎಂನ ಷೆವ್ರೊಲೆ ತಂದು ನಿಲ್ಲಿಸಿದರೆ ಹಬ್ಬದ ಊಟದಲ್ಲಿ ಚಿಕ್ಕಪ್ಪಂದಿರು ಮುಖ ತಿರುಗಿಸುತ್ತಾರೆ. ನಾನು ಮೊದಲು ಕೆಲಸಕ್ಕೆ ಸೇರಿದ ಕಾರ್ಖಾನೆಯಲ್ಲಿ ಬೇರೆ ಕಂಪನಿಯ ಕಾರು ತಂದವರು ಬೇಲಿಯ ಆಚೆ ದೂರದ ಜಾಗದಲ್ಲಿ ನಿಲ್ಲಿಸಬೇಕಿತ್ತು. ಜನವರಿಯ ಹಿಮದಲ್ಲಿ ಹತ್ತು ನಿಮಿಷ ನಡೆದು ಬರುವಾಗ ನಿಷ್ಠೆ ಎಂದರೇನು ಎಂಬುದು ಕಾಲಿಗೆ ತಿಳಿಯುತ್ತದೆ.

ಹಾಗಾಗಿ ಆ ಗೆಳೆಯರ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಆ ಸಿಟ್ಟನ್ನು ಯಾರ ಮೇಲೆ ತೀರಿಸಬೇಕು? 2009ರ ದಿವಾಳಿಯ ಸಮಯದಲ್ಲಿ ಪಾಂಟಿಯಾಕ್ ಹೆಸರನ್ನೇ ಮುಚ್ಚಲು ಜಿಎಂ ತೀರ್ಮಾನಿಸಿತು. ಪ್ಲಿಮತ್ ಅದಕ್ಕೂ ಮೊದಲು, 2001ರಲ್ಲಿ ಹೋಯಿತು. ಓಲ್ಡ್ಸ್‌ಮೊಬೈಲ್ 2004ರಲ್ಲಿ. ಕಂಪನಿಗಳೇ ಕೈಬಿಟ್ಟ ಹೆಸರುಗಳಿಗಾಗಿ ಎಪ್ಪತ್ತು ದಾಟಿದ ಸ್ನೇಹಿತರು ಮಾತು ಬಿಡುವುದನ್ನು ನೋಡಲಾಗುವುದಿಲ್ಲ.

ಗ್ರಂಥಾಲಯದ ಮೂಲೆ

ಪಕ್ಷಾಂತರದ ಮಾತು ಬಂದದ್ದರಿಂದ ಹೇಳುತ್ತೇನೆ, ಈ ಊರಿನ ಚರಿತ್ರೆಯೇ ಪಕ್ಷಾಂತರದ ಚರಿತ್ರೆ. ಮುದುಕರ ಕಾರೆಂದು ಹೆಸರಾಗಿದ್ದ ಪಾಂಟಿಯಾಕ್‌ಗೆ ಯೌವನ ಕೊಟ್ಟವರು ಬಂಕಿ ನುಡ್ಸನ್. 1956ರಲ್ಲಿ ಆ ವಿಭಾಗದ ಮುಖ್ಯಸ್ಥರಾದರು. ಅವರೇ 1968ರ ಫೆಬ್ರವರಿಯಲ್ಲಿ ಜಿಎಂ ಬಿಟ್ಟು ಫೋರ್ಡ್ ಅಧ್ಯಕ್ಷರಾದರು. ಹಿಂದೆಯೇ ವಿನ್ಯಾಸಕಾರ ಲ್ಯಾರಿ ಶಿನೋಡಾ ಕೂಡ ಜಿಎಂನಿಂದ ಬಂದು ಬಾಸ್ 302 ಮಸ್ಟಾಂಗ್‌ಗೆ ರೂಪ ಕೊಟ್ಟರು. ಇನ್ನೂ ಸೋಜಿಗವೆಂದರೆ, ಬಂಕಿಯವರ ತಂದೆ ವಿಲಿಯಂ ನುಡ್ಸನ್ ಹಿಂದೆ ಫೋರ್ಡ್ ಬಿಟ್ಟು ಜಿಎಂಗೆ ಹೋಗಿ, ಷೆವ್ರೊಲೆಯನ್ನು ಬೆಳೆಸಿ ಫೋರ್ಡ್‌ನ ಮಾಡೆಲ್ ಟಿಯನ್ನು ಹಿಂದಿಕ್ಕಿದವರು. ತಂದೆ ಆ ಕಡೆಯಿಂದ ಈ ಕಡೆಗೆ, ಮಗ ಈ ಕಡೆಯಿಂದ ಆ ಕಡೆಗೆ.

ಮಸ್ಟಾಂಗ್ ಹೆಸರಿನ ಜೊತೆಗೇ ನೆನಪಾಗುವ ಲೀ ಐಯಾಕೋಕಾ 1978ರ ಜುಲೈಯಲ್ಲಿ ಫೋರ್ಡ್‌ನಿಂದ ವಜಾ ಆದರು, ನವೆಂಬರಿನಲ್ಲಿ ಕ್ರೈಸ್ಲರ್ ಸೇರಿದರು. ರೇಸಿನ ರಾಜ ಎನಿಸಿದ್ದ ರಿಚರ್ಡ್ ಪೆಟಿ 1969ರಲ್ಲಿ ಪ್ಲಿಮತ್ ಬಿಟ್ಟು ಫೋರ್ಡ್ ಓಡಿಸಿದರು. ಅವರನ್ನು ಮರಳಿ ಕರೆತರಲೆಂದೇ ಪ್ಲಿಮತ್ 1970ರಲ್ಲಿ ಆ ದೊಡ್ಡ ರೆಕ್ಕೆಯ ಸೂಪರ್‌ಬರ್ಡ್ ಸಿದ್ಧಪಡಿಸಿತು. ಇವರನ್ನೆಲ್ಲ ಯಾರೂ ದ್ರೋಹಿಗಳೆಂದು ದೂರ ಇಡಲಿಲ್ಲ.

ಹ್ಯಾಮ್‌ಟ್ರ್ಯಾಮಿಕ್ ಹನುಮ

ಒಪ್ಪುವುದಿಲ್ಲ. ಇವರೆಲ್ಲ ಸಂಬಳ ಪಡೆದು ಹೋದವರು. ಹಿರಿಯರ ಗೆಳೆಯರು ಸ್ವಂತ ದುಡಿಮೆಯ ಹಣ ಹಾಕಿ ಒಂದು ಹೆಸರನ್ನು ಹಿಡಿದವರು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ಗ್ರಂಥಾಲಯದ ಮೂಲೆ

ಆ ಮಾತು ಒಪ್ಪುತ್ತೇನೆ. ಆದರೆ ಪೆಟಿ ಫೋರ್ಡ್‌ಗೆ ಹೋದಾಗ ನೊಂದ ಅಭಿಮಾನಿಗಳು ಮರುವರ್ಷ ಮತ್ತೆ ಅವರನ್ನೇ ಹುರಿದುಂಬಿಸಿದರು. ಅವರ ನಿಷ್ಠೆ ಇದ್ದದ್ದು ಮನುಷ್ಯನ ಮೇಲೆ.

ಯಾದವಗಿರಿ

ಈ ಚರ್ಚೆ ಓದುತ್ತಾ ಕುಳಿತವನಿಗೆ ಕಣ್ಣು ಮಂಜಾಯಿತು. ಡೆಟ್ರಾಯಿಟ್ ನಾನು ನೋಡಿಲ್ಲ. ಆದರೆ ಹನುಮ ಅವರು ಹೇಳಿದ ‘ಅನ್ನದ ಪ್ರಶ್ನೆ’ಯನ್ನು ಮೈಸೂರಿನಲ್ಲಿ ನಾವೂ ಉಂಡಿದ್ದೇವೆ.

ನಮ್ಮ ತಂದೆ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿದ್ದರು. ಜಯಚಾಮರಾಜ ಒಡೆಯರ್ ಉದ್ಘಾಟಿಸಿದ ಕಾರ್ಖಾನೆ ಎಂಬುದನ್ನು ಮನೆಗೆ ಬಂದ ನೆಂಟರಿಗೆಲ್ಲ ಹೇಳುತ್ತಿದ್ದರು. ಜಾವಾ ಹೋಗಿ ಯೆಜ್ಡಿ ಎಂಬ ಹೆಸರು ಬಂದದ್ದು 1973ರಲ್ಲಿ. ನಮ್ಮ ಬೀದಿಯಲ್ಲಿ ಯೆಜ್ಡಿ ಬಿಟ್ಟು ಬೇರೆ ಬೈಕಿನ ಸದ್ದು ಕೇಳಿದರೆ ಅಜ್ಜಿ ಕೂಡ ಯಾರದು ಎಂದು ಕೇಳುತ್ತಿದ್ದಳು. 1985ರಲ್ಲಿ ಯಮಹಾ ಆರ್‌ಎಕ್ಸ್ 100 ಬಂತು. ಎಂಜಿನ್ ಬರೀ 98 ಸಿಸಿ, ನಮ್ಮ ರೋಡ್‌ಕಿಂಗ್ 250 ಸಿಸಿ. ಲಲಿತಮಹಲ್ ರಸ್ತೆಯಲ್ಲಿ ಒಂದು ಭಾನುವಾರ ಬೆಳಿಗ್ಗೆ ನನ್ನ ಸಹಪಾಠಿ ಆ ಚಿಕ್ಕ ಯಮಹಾದಲ್ಲಿ ನನ್ನ ಮುಂದೆ ಹಾರಿ ಹೋದ. ಗೇರು ಹಾಕುವಷ್ಟರಲ್ಲಿ ಅವನು ಮೂರು ಬೈಕಿನಷ್ಟು ಮುಂದಿದ್ದ. ದೂರ ಹೋದ ಮೇಲೆ ಹಿಡಿಯುತ್ತಿದ್ದೆನೇನೋ, ಅಷ್ಟರಲ್ಲಿ ನಾವು ಗುರುತು ಹಾಕಿದ್ದ ಮರ ಬಂದುಬಿಟ್ಟಿತು.

ಮರುವರ್ಷ ನಾನೇ ಆರ್‌ಎಕ್ಸ್ ಕೊಂಡೆ. ಅಪ್ಪ ಒಂದು ಮಾತೂ ಬಯ್ಯಲಿಲ್ಲ. ಆದರೆ ಆ ಬೈಕನ್ನು ಒಂದು ದಿನವೂ ಮುಟ್ಟಲಿಲ್ಲ. ಮಳೆ ಬಂದಾಗ ತಮ್ಮ ಯೆಜ್ಡಿಯನ್ನು ಒಳಗೆ ತಳ್ಳಿ ನನ್ನ ಬೈಕನ್ನು ಹೊರಗೇ ಬಿಡುತ್ತಿದ್ದರು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಆ ಸಂಜೆ ಅಪ್ಪ ಊಟದ ಡಬ್ಬಿಯನ್ನು ತೊಳೆದು ಅಟ್ಟದ ಮೇಲೆ ಇಟ್ಟರು, ಮತ್ತೆ ಇಳಿಸಲಿಲ್ಲ. ಆರ್‌ಎಕ್ಸ್ 100 ತಯಾರಿಕೆ ನಿಂತದ್ದೂ ಅದೇ ವರ್ಷ. ಸೋತವನೂ ಗೆದ್ದವನೂ ಒಟ್ಟಿಗೇ ಹೋದಂತಾಯಿತು.

ಈಗ ನನ್ನ ಬಳಿ ಇರುವುದು ಅಪ್ಪನ ರೋಡ್‌ಕಿಂಗ್. ಹಾಗಾಗಿ ನಿಮ್ಮ ಹಿರಿಯರಿಗೆ ನನ್ನ ನಮಸ್ಕಾರ ತಿಳಿಸಿ.

ಎರಡು ಹೊಡೆತದ ಎಂಜಿನ್

ಯಾದವಗಿರಿಯವರೇ, ಬರಹ ಮನಸ್ಸಿಗೆ ತಟ್ಟಿತು. ಆದರೂ ಒಂದು ಮಾತು. ಆರ್‌ಎಕ್ಸ್ ಗೆದ್ದದ್ದು ಅದೃಷ್ಟದಿಂದಲ್ಲ, ಮರ ಹತ್ತಿರವಿದ್ದುದರಿಂದಲೂ ಅಲ್ಲ. ತೂಕ ಸುಮಾರು ನೂರು ಕಿಲೋ, ಶಕ್ತಿ 11 ಅಶ್ವಶಕ್ತಿ, ರೀಡ್ ವಾಲ್ವ್. ರೋಡ್‌ಕಿಂಗ್ ಅದಕ್ಕಿಂತ ಎಷ್ಟೋ ಭಾರ. ಸಿಗ್ನಲ್‌ನಿಂದ ಸಿಗ್ನಲ್‌ಗೆ ಹೋಗುವಾಗ ಬೇಕಾದದ್ದು ಪಿಕಪ್, ಅಷ್ಟೇ.

ಯಾದವಗಿರಿ

ಮೂರು ಜನ ಕುಳಿತು ಚಾಮುಂಡಿ ಬೆಟ್ಟ ಹತ್ತುವಾಗ ಬನ್ನಿ, ಆಗ ಪಿಕಪ್ ಮಾತಾಡೋಣ.

ಅಂಕಿಯೇ ಆಧಾರ

ವಿಷಯಕ್ಕೆ ಮರಳೋಣ. ಮೇಲೆ ನಾನೇ ಕೊಟ್ಟ ಅಶ್ವಶಕ್ತಿಯ ಅಂಕಿಗಳ ಬಗ್ಗೆ ಒಂದು ಎಚ್ಚರಿಕೆ. 1971ರವರೆಗೆ ಅಮೆರಿಕದ ಕಂಪನಿಗಳು ಎಂಜಿನ್ನನ್ನು ಹೊರಗೆ ತೆಗೆದು, ಫ್ಯಾನು, ಆಲ್ಟರ್ನೇಟರ್, ಕಾರಿನ ಸೈಲೆನ್ಸರ್ ಯಾವುದೂ ಇಲ್ಲದೆ ಅಳೆಯುತ್ತಿದ್ದವು. 1972ರಿಂದ ಎಲ್ಲವನ್ನೂ ಜೋಡಿಸಿ ಅಳೆಯುವ ಪದ್ಧತಿ ಬಂತು. ಆದ್ದರಿಂದ ಹಳೆಯ 360ನ್ನು ಇವತ್ತಿನ 360ರ ಪಕ್ಕ ಇಡಬೇಡಿ. ಕೆಲವು ಕಂಪನಿಗಳು ವಿಮೆಯವರಿಗೆ ಹೆದರಿ ಬೇಕೆಂದೇ ಕಡಿಮೆ ಬರೆಯುತ್ತಿದ್ದದ್ದೂ ಉಂಟು. ಇಪ್ಪತ್ತೈದು ದಾಟದ ಹುಡುಗ ಇಂಥ ಕಾರು ಕೊಂಡರೆ ವಿಮೆಯ ಕಂತೇ ಅವನನ್ನು ಮಲಗಿಸಿಬಿಡುತ್ತಿತ್ತು. ಇಂಥ ದೊಡ್ಡ ಎಂಜಿನ್ನಿನ ವೇಗದ ಕಾರುಗಳ, ಅಂದರೆ ಮಸಲ್ ಕಾರಿನ ಕಾಲ ಮುಗಿಯಲು 1973ರ ತೈಲ ಬಿಕ್ಕಟ್ಟೊಂದೇ ಕಾರಣ ಎನ್ನುವವರು ಇದನ್ನು ಮರೆಯುತ್ತಾರೆ.

ವುಡ್‌ವರ್ಡ್ ಪಕ್ಕದ ಮನೆ

ಹಿರಿಯರಿಗೆ ಯಾದವಗಿರಿಯವರ ಬರಹವನ್ನು ಇಂಗ್ಲಿಷಿನಲ್ಲಿ ಓದಿ ಹೇಳಿದೆ. ಡಬ್ಬಿಯ ಸಂಗತಿ ಬಂದಾಗ ಕೈ ಎತ್ತಿ ನಿಲ್ಲಿಸಿದರು. ಸ್ವಲ್ಪ ಹೊತ್ತು ಸುಮ್ಮನಿದ್ದು ತಾವೇ ಮಾತು ಶುರುಮಾಡಿದರು.

ಆಗಿನ ಪದ್ಧತಿ ಹೀಗಿತ್ತಂತೆ. ಸಂಜೆ ಟೋಟೆಮ್ ಪೋಲ್ ಅಥವಾ ಟೆಡ್ಸ್ ಎಂಬ ಡ್ರೈವ್-ಇನ್ ಹೋಟೆಲಿನಲ್ಲಿ ಕಾರು ನಿಲ್ಲಿಸಿ ಹ್ಯಾಂಬರ್ಗರ್ ತಿನ್ನುತ್ತಾ ಯಾರು ಬಂದರು, ಯಾರ ಎಂಜಿನ್ ಸದ್ದು ಬದಲಾಗಿದೆ ಎಂದು ಆಲಿಸುವುದು. ಆಮೇಲೆ ನಿಧಾನವಾಗಿ ರಸ್ತೆಗೆ ಇಳಿಯುವುದು. ಕೆಂಪು ದೀಪದಲ್ಲಿ ಪಕ್ಕಕ್ಕೆ ಬಂದವನು ಎರಡು ಸಲ ಆಕ್ಸಿಲರೇಟರ್ ಒತ್ತಿದರೆ ಅದೇ ಆಹ್ವಾನ. ರಸ್ತೆಯ ನಡುವೆ ಅಗಲವಾದ ಹುಲ್ಲಿನ ಪಟ್ಟಿ ಇರುವುದರಿಂದ ಎದುರಿನಿಂದ ವಾಹನ ಬರುವುದಿಲ್ಲ, ತಿರುಗಿ ಬರಲೂ ಜಾಗವಿದೆ. ಹಣ ಕಟ್ಟಿ ಆಡುವವರು ಆಗ ಕಟ್ಟುತ್ತಿದ್ದ ಐ-75 ಹೆದ್ದಾರಿಯ ತೆರೆಯದ ಭಾಗಕ್ಕೆ ಹೋಗುತ್ತಿದ್ದರಂತೆ.

ಜಿಟಿಒವನ್ನು ಅವರು ಇಲ್ಲಿನ ರಾಯಲ್ ಪಾಂಟಿಯಾಕ್ ಮಳಿಗೆಯಲ್ಲಿ ‘ಬಾಬ್‌ಕ್ಯಾಟ್’ ಮಾಡಿಸಿದ್ದರು. ಕಾರ್ಬುರೇಟರ್ ಜೆಟ್ ಬದಲಿಸಿ, ತೆಳು ಗ್ಯಾಸ್ಕೆಟ್ ಹಾಕಿ, ಇಗ್ನಿಷನ್ ಸಮಯ ಸರಿಪಡಿಸಿ ಕೊಡುವ ಕೆಲಸ ಅದು. ಆ ಮಳಿಗೆ ಈಗಿಲ್ಲ.

ಗ್ರಂಥಾಲಯದ ಮೂಲೆ

ರಾಯಲ್ ಪಾಂಟಿಯಾಕ್! ಆ ಹೆಸರು ಬಂದ ಮೇಲೆ ಇದನ್ನು ಹೇಳಲೇಬೇಕು. 1964ರ ಮಾರ್ಚ್ ಸಂಚಿಕೆಯಲ್ಲಿ ಕಾರ್ ಅಂಡ್ ಡ್ರೈವರ್ ಪತ್ರಿಕೆ ಪಾಂಟಿಯಾಕ್ ಜಿಟಿಒವನ್ನು ಫೆರಾರಿ ಜಿಟಿಒ ಜೊತೆ ಹೋಲಿಸಿ ಹೊಗಳಿತ್ತು. ಪಾಂಟಿಯಾಕ್ ಜಾಹೀರಾತಿನ ಹೊಣೆ ಹೊತ್ತಿದ್ದ ಜಿಮ್ ವ್ಯಾಂಗರ್ಸ್ ಎಷ್ಟೋ ವರ್ಷಗಳ ನಂತರ ನಿಜ ಒಪ್ಪಿಕೊಂಡರು. ಪರೀಕ್ಷೆಗೆ ಕೊಟ್ಟ ಕಾರಿನಲ್ಲಿ ಇದ್ದದ್ದು 389 ಅಲ್ಲ, ರಾಯಲ್‌ನವರು ಗುಟ್ಟಾಗಿ ಕೂರಿಸಿದ್ದ 421. ಜಿಟಿಒ ಹುಟ್ಟಿದ್ದೇ ನಿಯಮದ ಸಂದಿಯಲ್ಲಿ. ಮಧ್ಯಮ ಗಾತ್ರದ ಕಾರಿಗೆ 330 ಇಂಚಿಗಿಂತ ದೊಡ್ಡ ಎಂಜಿನ್ ಬೇಡ ಎಂದು ಜಿಎಂ ಆಡಳಿತ ಹೇಳಿತ್ತು. ಜಾನ್ ಡಿಲೋರಿಯನ್ ತಂಡ ಅದನ್ನು ಹೊಸ ಕಾರು ಎನ್ನದೆ ಟೆಂಪೆಸ್ಟ್ ಕಾರಿನ ‘ಹೆಚ್ಚುವರಿ ಸೌಲಭ್ಯ’ ಎಂದು ತಂದಿತು. ಮೊದಲ ವರ್ಷವೇ 32,450 ಮಾರಾಟವಾದವು.

ಎರಡು ಹೊಡೆತದ ಎಂಜಿನ್

ಹಾಗಾದರೆ ಎದುರಾಳಿ 440 ಬಚ್ಚಿಟ್ಟದ್ದಕ್ಕೆ ಮೇಜು ಕುಟ್ಟುವ ಹಕ್ಕು ಪಾಂಟಿಯಾಕ್‌ನವರಿಗೆ ಇಲ್ಲ.

ಆಗುಂಬೆಯ ಮಳೆ

ಇಷ್ಟು ಜನ ಬರೆದಿರಿ, ಕೀಲಿ ತಂದುಕೊಟ್ಟ ಆ ಹೆಂಗಸಿನ ಬಗ್ಗೆ ಒಬ್ಬರೂ ಒಂದು ಸಾಲು ಬರೆಯಲಿಲ್ಲ. ಕಾರು ಆಕೆಯದು. ಹರಾಜಿಗೆ ಹಾಕಿದ್ದರೆ ಒಳ್ಳೆಯ ಹಣ ಬರುತ್ತಿತ್ತು. ಮಾರದೆ, ಗಂಡ ಐವತ್ತು ವರ್ಷ ಜಗಳವಾಡಿದ ಮನುಷ್ಯನನ್ನು ಹುಡುಕಿ ಕೊಟ್ಟರು. ಆ ಕಾರನ್ನು ತಳ್ಳಿ ಜಿಟಿಒ ಇಟ್ಟುಕೊಂಡಿದ್ದರೆ ಅದು ದ್ರೋಹ ಎನ್ನುತ್ತಿದ್ದೆ.

ಇನ್ನೊಂದು. ಈ ಚರ್ಚೆಯಲ್ಲಿ ‘ಹುಡುಗರು, ಹುಡುಗರು’ ಎಂದು ಎಷ್ಟು ಸಲ ಬಂತೋ ಎಣಿಸಿಲ್ಲ. ಶರ್ಲಿ ಮಲ್ಡೌನಿ ನ್ಯೂಯಾರ್ಕ್ ರಾಜ್ಯದ ಸ್ಕೆನೆಕ್ಟಡಿಯ ಬೀದಿಗಳಲ್ಲಿ ಹದಿಹರೆಯದಲ್ಲಿಯೇ ಪಂದ್ಯ ಓಡಿಸಿದವರು. ಮುಂದೆ ನೇರ ಟ್ರ್ಯಾಕಿನ ಸಣ್ಣ ಓಟವಾದ ಡ್ರ್ಯಾಗ್ ಪಂದ್ಯದ ಅತಿ ವೇಗದ ಟಾಪ್ ಫ್ಯುಯೆಲ್ ವರ್ಗದಲ್ಲಿ ಪರವಾನಗಿ ಪಡೆದ ಮೊದಲ ಮಹಿಳೆಯಾಗಿ 1977, 1980 ಮತ್ತು 1982ರಲ್ಲಿ ರಾಷ್ಟ್ರೀಯ ಚಾಂಪಿಯನ್ ಆದರು. ನಮ್ಮ ಮಿಷಿಗನ್‌ನ ಮೌಂಟ್ ಕ್ಲೆಮೆನ್ಸ್‌ನಲ್ಲಿಯೂ ನೆಲೆಸಿದ್ದರು. ಪ್ರಶಸ್ತಿ ಬಂದದ್ದು ಬೀದಿಯಲ್ಲಲ್ಲ, ಪಟ್ಟಿ ಎಳೆದ ಟ್ರ್ಯಾಕಿನಲ್ಲಿ. ಇದನ್ನು ನಿಮ್ಮ ಮಗನಿಗೆ ಹೇಳಿ ಸರ್.

ನಸುಕಿನ ಹೆದ್ದಾರಿ

ನಾನು ಇಲ್ಲಿ ಓದುವವನು, ಬರೆಯುವವನಲ್ಲ. ಇವತ್ತು ಬರೆಯುತ್ತೇನೆ. ಈ ಹಳೆಯ ಸಂತೋಷವನ್ನೆಲ್ಲ ಓದಿ ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು.

ನನ್ನ ತಮ್ಮ 22 ವರ್ಷದವನು. ಬೆಂಗಳೂರಿನ ಹೊರಗಿನ ಹೆದ್ದಾರಿಯಲ್ಲಿ ಬೆಳಗಿನ ಜಾವ ಸ್ನೇಹಿತನ ಬೈಕಿನೊಂದಿಗೆ ಪೈಪೋಟಿಗೆ ಇಳಿದು ಪ್ರಾಣ ಬಿಟ್ಟ. ಹಾಲಿನ ಕ್ಯಾನು ಹೇರಿಕೊಂಡು ರಸ್ತೆ ದಾಟುತ್ತಿದ್ದ ಒಬ್ಬರೂ ಹೋದರು. ಅವರಿಗೆ ಎರಡು ಚಿಕ್ಕ ಮಕ್ಕಳು. ಹದಿನೈದು ದಿನದ ಕಾರ್ಯ ಮುಗಿಸಿ ನಮ್ಮ ಅಪ್ಪ ಅವರ ಮನೆಗೆ ಹೋದರು. ಒಳಗೆ ಕರೆಯಲಿಲ್ಲ, ಕರೆಯಬೇಕೂ ಇರಲಿಲ್ಲ. ಅಪ್ಪ ಬಾಗಿಲಲ್ಲಿ ಅರ್ಧ ಗಂಟೆ ನಿಂತು ಬಂದರು. ತಮ್ಮನ ಟೈರೂ ಹೀಗೆಯೇ ಸವೆಯುತ್ತಿತ್ತು. ನಾನು ನೋಡಿದ್ದೆ. ಅಪ್ಪನಿಗೆ ಹೇಳಿರಲಿಲ್ಲ.

ವುಡ್‌ವರ್ಡ್‌ನವರೇ, ನಿಮ್ಮ ಮೊದಲ ಪ್ರಶ್ನೆ ಕಾಯುತ್ತದೆ. ಎರಡನೆಯದು ಕಾಯುವುದಿಲ್ಲ. ಇವತ್ತು ರಾತ್ರಿ ಮಗನ ಜೊತೆ ಕುಳಿತುಕೊಳ್ಳಿ.

ಕಾವೇರಿ ತೀರ

ಏನು ಹೇಳಬೇಕೋ ತಿಳಿಯುತ್ತಿಲ್ಲ ಅಣ್ಣ. ಬರೆದದ್ದಕ್ಕೆ ಕೈಮುಗಿಯುತ್ತೇನೆ.

ಹೆಮಿ ಹೃದಯ

ನಸುಕಿನವರ ನೋವಿಗೆ ತಲೆಬಾಗುತ್ತೇನೆ. ಆದರೆ 1960ರ ದಶಕದ ವುಡ್‌ವರ್ಡನ್ನೂ ಇವತ್ತಿನ ಹೆದ್ದಾರಿಯನ್ನೂ ಒಂದು ಮಾಡಬಾರದು. ಆಗ ರಾತ್ರಿ ವಾಹನ ಕಡಿಮೆ, ಪಂದ್ಯ ಅರ್ಧ ಮೈಲಿಯೂ ಇರುತ್ತಿರಲಿಲ್ಲ. ಓಡಿಸಿದವರಲ್ಲಿ ಕಾರು ಕಟ್ಟುವ ಎಂಜಿನಿಯರುಗಳೇ ಇದ್ದರು. ಜಿಮ್ಮಿ ಅಡಿಸನ್ ಅವರ ‘ಸಿಲ್ವರ್ ಬುಲೆಟ್’ ಎಂಬ 1967ರ ಪ್ಲಿಮತ್ ಜಿಟಿಎಕ್ಸ್‌ಗೆ ಕ್ರೈಸ್ಲರ್ ಒಳಗಿನಿಂದಲೇ ಬಿಡಿಭಾಗ ಬರುತ್ತಿದ್ದವು. ‘ಬ್ಲ್ಯಾಕ್ ಘೋಸ್ಟ್’ ಎಂದು ಹೆಸರಾದ, ಕ್ರೈಸ್ಲರ್‌ನದೇ ಆದ 1970ರ ಕಪ್ಪು ಡಾಡ್ಜ್ ಚಾಲೆಂಜರ್ ಇತ್ತಲ್ಲ, ಎಲ್ಲಿಂದಲೋ ಬಂದು ಗೆದ್ದು ಮಾಯವಾಗುತ್ತಿತ್ತು. ಅದರ ಒಡೆಯ ಗಾಡ್‌ಫ್ರೀ ಕ್ವಾಲ್ಸ್ ಡೆಟ್ರಾಯಿಟ್ ಪೊಲೀಸ್ ಅಧಿಕಾರಿಯೇ ಆಗಿದ್ದರು! 2020ರಲ್ಲಿ ಆ ಕಾರು ರಾಷ್ಟ್ರೀಯ ಐತಿಹಾಸಿಕ ವಾಹನಗಳ ಪಟ್ಟಿಗೆ ಸೇರಿತು. 2023ರ ಹರಾಜಿನಲ್ಲಿ ಸುಮಾರು 10 ಲಕ್ಷ ಡಾಲರಿಗೆ ಹೋಯಿತು.

ನಸುಕಿನ ಹೆದ್ದಾರಿ

ಪೊಲೀಸರೇ ಓಡಿಸಿದರೆ ರಸ್ತೆ ದಾಟುವವನ ಎಲುಬು ಗಟ್ಟಿಯಾಗುತ್ತದೆಯೇ? ಪಟ್ಟಿಗೆ ಸೇರಿದ ಕಾರುಗಳ ಕಥೆ ನೀವು ಹೇಳುತ್ತೀರಿ. ಮರಕ್ಕೆ ಸುತ್ತಿಕೊಂಡ ಕಾರುಗಳ ಕಥೆಯನ್ನು ಹೇಳುವವರು ಯಾರು?

ಹ್ಯಾಮ್‌ಟ್ರ್ಯಾಮಿಕ್ ಹನುಮ

ನಸುಕಿನವರ ಪರ ನಾನು. ಗೆದ್ದು ಬದುಕಿದವರ ನೆನಪು ಮಾತ್ರ ನಮಗೆ ಸಿಗುತ್ತದೆ. ಅಂದೂ ಟ್ರ್ಯಾಕ್ ಇರಲಿಲ್ಲವೆಂದಲ್ಲ. 1959 ಮತ್ತು 1960ರ ರಾಷ್ಟ್ರೀಯ ಡ್ರ್ಯಾಗ್ ಸ್ಪರ್ಧೆ ನಡೆದದ್ದು ಇಲ್ಲಿನ ಡೆಟ್ರಾಯಿಟ್ ಡ್ರ್ಯಾಗ್‌ವೇಯಲ್ಲಿ. ಬೀದಿಗೆ ಇಳಿದವರು ಜಾಗವಿಲ್ಲದೆ ಇಳಿದವರಲ್ಲ.

ಕಾನೂನು ಕಟ್ಟೆ

ಮಾಹಿತಿಗಾಗಿ: ನಮ್ಮಲ್ಲಿ ಮೋಟಾರು ವಾಹನ ಕಾಯ್ದೆಯ 189ನೇ ಕಲಂ ಅನುಮತಿ ಇಲ್ಲದ ರಸ್ತೆ ಪಂದ್ಯವನ್ನು ನೇರವಾಗಿ ಅಪರಾಧ ಎನ್ನುತ್ತದೆ. 2019ರ ತಿದ್ದುಪಡಿಯ ನಂತರ ಮೊದಲ ಸಲಕ್ಕೆ ಮೂರು ತಿಂಗಳವರೆಗೆ ಸೆರೆ ಅಥವಾ 5,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಮತ್ತೆ ಸಿಕ್ಕಿಬಿದ್ದರೆ ಒಂದು ವರ್ಷದವರೆಗೆ ಸೆರೆ ಅಥವಾ 10,000 ರೂಪಾಯಿ ದಂಡ ಅಥವಾ ಎರಡೂ. ಯಾರಿಗಾದರೂ ಪೆಟ್ಟಾದರೆ ಬೇರೆ ಕಲಂಗಳೂ ಸೇರಿಕೊಳ್ಳುತ್ತವೆ.

ಲ್ಯಾನ್ಸಿಂಗ್ ಲಹರಿ

ನಾನು 24ರವನು, ಆ ಮಗನ ವಯಸ್ಸಿನ ಹತ್ತಿರದವನು. ನಮ್ಮ ತಲೆಮಾರಿನ ಪರವಾಗಿ ಒಂದಿಷ್ಟು ಹೇಳುತ್ತೇನೆ. ನಾವು ಯಾವ ಪಾಳಯಕ್ಕೆ ನಿಷ್ಠರಾಗಿರಬೇಕು? ಡಾಡ್ಜ್ ಚಾಲೆಂಜರ್ 2023ರ ಕೊನೆಯಲ್ಲಿ ನಿಂತಿತು. ಷೆವ್ರೊಲೆ ಕ್ಯಾಮರೋ ಕೂಡ ಅದೇ ಹೊತ್ತಿಗೆ ಹೋಯಿತು. ಮೂವರಲ್ಲಿ ಉಳಿದದ್ದು ಮಸ್ಟಾಂಗ್ ಒಂದೇ. ಹೊಸ ಚಾರ್ಜರ್ ಡೇಟೋನಾ ವಿದ್ಯುತ್ತಿನಿಂದ ಓಡುತ್ತದೆ, ಸದ್ದು ಕೃತಕ. ನನ್ನ ಗೆಳೆಯರಲ್ಲಿ ಕ್ಯಾಮರೋದವನು ಮಸ್ಟಾಂಗ್‌ಗೆ ಹೋದ, ಚಾಲೆಂಜರ್‌ನವನು ಟೆಸ್ಲಾಗೆ ಹೋದ. ಯಾರೂ ಯಾರನ್ನೂ ಬಯ್ಯಲಿಲ್ಲ. ಗುಂಪು ಹಾಗೆಯೇ ಇದೆ.

ಮಗನನ್ನು ಬಯ್ಯಬೇಡಿ ಸರ್, ಕರೆದುಕೊಂಡು ಹೋಗಿ. 2016ರಿಂದ ಹಲವು ವರ್ಷ ಪಾಂಟಿಯಾಕ್ ಊರಿನ ಎಂ1 ಕಾನ್ಕೋರ್ಸ್ ಬಳಿ ವುಡ್‌ವರ್ಡ್ ರಸ್ತೆಯನ್ನೇ ಮುಚ್ಚಿ, ಗೋಡೆ ಕಟ್ಟಿ, ಆಂಬ್ಯುಲೆನ್ಸ್ ನಿಲ್ಲಿಸಿ ಡಾಡ್ಜ್ ಪ್ರಾಯೋಜಕತ್ವದಲ್ಲಿ ಡ್ರ್ಯಾಗ್ ಪಂದ್ಯ ನಡೆಸಿದರು. ಅಪ್ಪನ ಜೊತೆ ಹೋಗಿದ್ದೆ. ಹೆಲ್ಮೆಟ್ ಪರೀಕ್ಷೆ, ಕಾರು ಪರೀಕ್ಷೆ ಎಲ್ಲ ನೋಡಿದ ಮೇಲೆ ನಾನು ರಾತ್ರಿ ಹೊತ್ತು ಮಾಡುತ್ತಿದ್ದದ್ದು ಎಷ್ಟು ಹುಡುಗಾಟ ಎಂದು ನನಗೇ ತಿಳಿಯಿತು. ಅಂದ ಹಾಗೆ ಆ ಜಾಗ ಹಳೆಯ ಜಿಎಂ ಕಾರ್ಖಾನೆ ಇದ್ದ ನೆಲ. ಅಲ್ಲಿಯೇ ಡಾಡ್ಜ್ ಬಾವುಟ!

ವುಡ್‌ವರ್ಡ್ ಪಕ್ಕದ ಮನೆ

ಮೂರು ದಿನ ಬರೆಯಲಾಗಲಿಲ್ಲ. ಕ್ಷಮಿಸಿ.

ನಸುಕಿನವರ ಬರಹವನ್ನು ಅಂದು ರಾತ್ರಿಯೇ ಮಗನಿಗೆ ಓದಿದೆ. ಕನ್ನಡ ಅವನಿಗೆ ಪೂರ್ತಿ ಬಾರದು. ಹಾಲಿನ ಕ್ಯಾನಿನ ಸಾಲನ್ನು ಎರಡು ಸಲ ಬಿಡಿಸಿ ಹೇಳಿದೆ. ಏನೂ ಮಾತಾಡದೆ ಎದ್ದು ಹೋದ. ಮರುದಿನ ತಾನೇ ಬಂದು, ಹೌದು, ಗುರುವಾರ ರಾತ್ರಿ ಹೋಗುತ್ತಿದ್ದೆವು ಎಂದ. ಯಾರ ಜೊತೆ, ಎಲ್ಲಿ ಎಂಬುದನ್ನೂ ಹೇಳಿದ. ಮುಂದೆ ಹೋಗುವುದಿಲ್ಲ ಎಂದು ಮಾತು ಕೊಟ್ಟಿದ್ದಾನೆ. ಅದು ನಿಲ್ಲುತ್ತದೋ ಇಲ್ಲವೋ, ಟೈರನ್ನು ಮಾತ್ರ ವಾರಕ್ಕೊಮ್ಮೆ ನೋಡುತ್ತೇನೆ.

ಶನಿವಾರ ಅವನನ್ನು ಹಿರಿಯರ ಗ್ಯಾರೇಜಿಗೆ ಕಳಿಸಿದೆ. ರೋಡ್ ರನ್ನರ್‌ನ ಕಾರ್ಬುರೇಟರ್ ಬಿಚ್ಚಬೇಕಿತ್ತು, ಹಿರಿಯರ ಕೈ ನಡುಗುತ್ತದೆ. ಮಸ್ಟಾಂಗ್‌ನವನು, ಪಾಂಟಿಯಾಕ್‌ನವರು, ಪ್ಲಿಮತ್ ಕಾರು. ನಾಲ್ಕು ಗಂಟೆ ಇಬ್ಬರೂ ಹೊರಗೆ ಬರಲಿಲ್ಲ. ಆಗುಂಬೆಯವರೇ, ನಿಮ್ಮ ಮಾತನ್ನು ನಾನು ಹಿರಿಯರಿಗೆ ತಿಳಿಸಿದ್ದೆ. ಅವರು ಆ ಹೆಂಗಸಿಗೆ ಫೋನ್ ಮಾಡಿ ಕರೆದಿದ್ದರು. ಆಕೆ ಬಂದು ಹಿಂದಿನ ಸೀಟಿನ ಸಂದಿಯಿಂದ ತಮ್ಮ ಹಳೆಯ ತಲೆಪಿನ್ನು ಹುಡುಕಿ ತೆಗೆದರು.

ಜಿಟಿಒ ಮಾರುತ್ತಿಲ್ಲ. ನಮ್ಮ ಗ್ಯಾರೇಜಿನಲ್ಲಿ ಒಂದು ಜಾಗ ಬಿಟ್ಟುಕೊಟ್ಟಿದ್ದೇವೆ. ಚಳಿಗಾಲದಲ್ಲಿ ನನ್ನ ಹೆಂಡತಿಯ ವ್ಯಾನು ಹೊರಗೆ ಹಿಮದಲ್ಲಿ ನಿಲ್ಲಬೇಕು. ಬೆಳಿಗ್ಗೆ ಹಿಮ ಕೆರೆಯುವ ಕೆಲಸ ನನ್ನದು ಎಂದು ಒಪ್ಪಂದವಾಗಿದೆ. ಪಾಂಟಿಯಾಕ್ ಗೆಳೆಯರಲ್ಲಿ ಒಬ್ಬರು ಮಾತ್ರ ಬಂದು ನೋಡಿ ಹೋದರು. ‘ದ್ರೋಹಿ’ ಎಂದವರು ಇನ್ನೂ ಬಂದಿಲ್ಲ.

ಕಾರು ಹದಿನೇಳು ಅಡಿಗೂ ಉದ್ದ, ಬಾಗಿಲು ಮುಚ್ಚಿದರೆ ಒಂದು ಗೇಣು ಉಳಿಯುತ್ತದೆ. ನವೆಂಬರಿನಿಂದ ಏಪ್ರಿಲ್‌ವರೆಗೆ ಹಾಗೇ ನಿಲ್ಲಿಸುವುದು ಹೇಗೆ? ತಿಳಿದವರು ಹೇಳಿ.

ಹ್ಯಾಮ್‌ಟ್ರ್ಯಾಮಿಕ್ ಹನುಮ

ರಸ್ತೆಗೆ ಉಪ್ಪು ಬೀಳುವ ಮೊದಲೇ ಒಳಗೆ ತನ್ನಿ. ಟ್ಯಾಂಕ್ ತುಂಬಿಸಿ ಪೆಟ್ರೋಲ್ ಕೆಡದಂತೆ ಹಾಕುವ ದ್ರಾವಣ ಬೆರೆಸಿ, ಹತ್ತು ನಿಮಿಷ ಎಂಜಿನ್ ಓಡಿಸಿ. ಎಣ್ಣೆ ಬದಲಿಸಿಯೇ ನಿಲ್ಲಿಸಿ, ವಸಂತದಲ್ಲಿ ನೋಡೋಣ ಎನ್ನಬೇಡಿ. ಬ್ಯಾಟರಿ ಬಿಚ್ಚಿ ಮನೆಯೊಳಗೆ ಇಡಿ.

ಯಾದವಗಿರಿ

ಸೈಲೆನ್ಸರ್ ಬಾಯಿಗೆ ಬಟ್ಟೆ ತುರುಕಲು ಮರೆಯಬೇಡಿ. ಇಲಿ ನಮ್ಮ ರೋಡ್‌ಕಿಂಗ್‌ನಲ್ಲಿ ಒಂದು ಮಳೆಗಾಲದಲ್ಲಿ ಗೂಡು ಕಟ್ಟಿತ್ತು. ಬಟ್ಟೆಗೆ ಕೆಂಪು ಬಣ್ಣದ್ದೇ ಆರಿಸಿ, ತೆಗೆಯುವಾಗ ಕಣ್ಣಿಗೆ ಬೀಳುತ್ತದೆ.

ಅಂಕಿಯೇ ಆಧಾರ

ಟೈರಿನ ಗಾಳಿಯನ್ನು ಸ್ವಲ್ಪ ಹೆಚ್ಚಿಸಿ ನಿಲ್ಲಿಸಿ, ಒಂದೇ ಕಡೆ ಚಪ್ಪಟೆಯಾಗುವುದಿಲ್ಲ. ಮತ್ತೆ ಆ 440ರ ಬ್ಲಾಕಿನ ಮೇಲೆ ಅಚ್ಚಾಗಿರುವ ಸಂಖ್ಯೆಯನ್ನು ಮಗನಿಂದ ಬರೆಸಿ ಇಲ್ಲಿ ಹಾಕಿ. ಯಾವ ವರ್ಷದ ಎಂಜಿನ್ ಎಂದು ನೋಡಿಬಿಡೋಣ.